ಮಟ್ಕಾ ಚಾರ್ಟ್ ಮಾರಿದ್ರೂ ಕೇಸ್ ಆಗುತ್ತೆ: ಮುಂಬೈ ಪೇಪರ್ ಸ್ಟಾಲ್, ಜೆರಾಕ್ಸ್ ಅಂಗಡಿಯವರು ಏನು ಮಾಡ್ಬೇಕು

ಡೊಂಬಿವಲಿ, ಕಲ್ಯಾಣ್, ಥಾಣೆ ಕಡೆ ಪೇಪರ್ ಸ್ಟಾಲ್ ಇಲ್ಲಾ ಸಣ್ಣ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋ ನಮ್ಮೋರು ದಯವಿಟ್ಟು ಇದನ್ನ ಪೂರ್ತಿ ಓದಿ. "ನಾವೇನು ಆಟ ಬರ್ಕೊಳ್ತೀವಾ, ಬರೀ ಹಾಳೆ ಮಾರ್ತೀವಿ, ನಮಗೇನಾಗುತ್ತೆ" ಅಂತ ಮಟ್ಕಾ (ಅಂಕಿ ಮೇಲೆ ದುಡ್ಡು ಕಟ್ಟೋ ಜೂಜು) ಚಾರ್ಟ್ ಮಾರೋ ತುಂಬಾ ಜನ ಅನ್ಕೊಂಡಿದಾರೆ, ಆದ್ರೆ ಮಹಾರಾಷ್ಟ್ರದಲ್ಲಿ ನಡೆಯೋ 1887ರ ಜೂಜು ಕಾಯ್ದೆಯ ಕಲಂ 12ಎ ಬಂದಿರೋದೇ ಹಾಳೆ ಛಾಪಿಸೋರು, ಮಾರೋರು, ಹಂಚೋರ ಮೇಲೆ. ಜೂಜಿಗೆ ಅನುಕೂಲ ಆಗ್ಲಿ ಅನ್ನೋ ಉದ್ದೇಶ ಇದ್ರೆ ಸಾಕು, ವಾರಂಟ್ ಇಲ್ದೇ ಹಿಡೀಬಹುದು. ಶಿಕ್ಷೆ ಕಲಂ 4ರ ಪ್ರಕಾರ, ಅಂದ್ರೆ ಜೂಜಿನ ಅಡ್ಡಾ ನಡೆಸೋನಿಗೆ ಎಷ್ಟೋ ಅಷ್ಟೇ: ಎರಡು ವರ್ಷದ ತನಕ ಜೈಲು, ಮೊದಲ್ನೇ ಸಲಕ್ಕೇ ಕನಿಷ್ಠ ಮೂರು ತಿಂಗಳು ಮತ್ತೆ 500 ರೂಪಾಯಿ ದಂಡ. ಐದ್ಹತ್ತು ರೂಪಾಯಿ ಹಾಳೆಗೆ ಇದು ಬೇಕಾ ಹೇಳಿ.

ಹಾಗಂತ ಮಟ್ಕಾ ಅನ್ನೋ ಪದ ಇರೋ ಪೇಪರೆಲ್ಲ ಅಪರಾಧ ಅಲ್ಲ. ಮಟ್ಕಾ ರೇಡ್ ಆಯ್ತು ಅಂತ ಸುದ್ದಿ ಇರೋ ಪೇಪರ್, 60ರ ದಶಕದ ವರ್ಳಿ ಮಟ್ಕಾ ಬಗ್ಗೆ ಲೇಖನ ಇರೋ ಮ್ಯಾಗಜೀನ್ ಧೈರ್ಯವಾಗಿ ಮಾರಿ, ಯಾಕಂದ್ರೆ ಅಲ್ಲಿ ಜೂಜಾಡಿಸೋ ಉದ್ದೇಶ ಇಲ್ಲ. ಚಾರ್ಟ್ ಬೇರೆ. ಅದರಲ್ಲಿ ವಾರದ ಪ್ರಕಾರ ಸಾಲು, ನಡುವೆ ದಪ್ಪಕ್ಷರದಲ್ಲಿ ಎರಡಂಕಿಯ ಜೋಡಿ, ಆಚೀಚೆ ಮೂರ್ಮೂರು ಅಂಕಿಯ ಪಾನಾ, ಕೆಲವು ಜೋಡಿಗೆ ಕೆಂಪು ಶಾಯಿ, ಕೆಳಗೆ "ಇವತ್ತಿನ ಓಪನ್" ಅಂತ ಗೆಸ್ಸಿಂಗ್ (ಮೊದಲು ಬರೋ ಅಂಕಿ ಯಾವ್ದು ಅನ್ನೋ ಊಹೆ), ಇದನ್ನ ಬೇರೆ ಯಾವ ಕೆಲಸಕ್ಕೆ ಕೊಳ್ತಾರೆ ಯಾರಾದ್ರೂ? ಕೋರ್ಟಲ್ಲಿ ಉದ್ದೇಶ ಸಾಬೀತು ಮಾಡೋದು ಪೊಲೀಸರ ಕೆಲಸ ನಿಜ, ಆದ್ರೆ ಹಾಳೆಯನ್ನ ಗಲ್ಲಾ ಕೆಳಗೆ ಬಚ್ಚಿಡೋದು, ಹಿಂದುಗಡೆ ಬುಕ್ಕಿ ನಂಬರ್ ಬರ್ದಿರೋದು, ಗೊತ್ತಿರೋರಿಗೆ ಮಾತ್ರ ಕೊಡೋದು, ಇವೆಲ್ಲ ನಿಮ್ಮ ವಿರುದ್ಧವೇ ಸಾಕ್ಷಿ ಆಗುತ್ತೆ.

ವ್ಯಾಪಾರ ಮಾಡೋದು ನಮ್ಮ ಹಕ್ಕು ಅನ್ನೋ ವಾದವೂ ನಡಿಯಲ್ಲ. ಹಿಂದೆ ಬೆಂಗಳೂರಲ್ಲಿ ಛಾಪಾಗ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಅನ್ನೋ ವಾರಪತ್ರಿಕೆ ಮುಂಬೈಗೂ ಬರ್ತಿತ್ತು, ಅದರಲ್ಲಿ ದುಡ್ಡು ಕಟ್ಟಿ ಆಡೋ ಪದಬಂಧ ಸ್ಪರ್ಧೆ ಇತ್ತು. ಲೈಸೆನ್ಸ್, ಟ್ಯಾಕ್ಸ್ ವಿಚಾರಕ್ಕೆ ಶುರುವಾದ, ಆ ಸ್ಪರ್ಧೆ ನಡೆಸ್ತಿದ್ದ ಚಮರ್‌ಬಾಗ್‌ವಾಲಾ ಕೇಸಲ್ಲೇ ಸುಪ್ರೀಂ ಕೋರ್ಟ್ 1957ರಲ್ಲಿ ಹೇಳ್ತು, ಜೂಜಿಗೆ ಸಂವಿಧಾನದ ವ್ಯಾಪಾರದ ಹಕ್ಕು ಸಿಗಲ್ಲ ಅಂತ.

ಈಗ ಮಾಡ್ಬೇಕಾದ್ದು. ಬೆಳಿಗ್ಗೆ ಬಂಡಲ್ ಬಿಚ್ಚಿದ ತಕ್ಷಣ ನೋಡಿ, ಪೇಪರ್ ನಡುವೆ ಚಾರ್ಟ್, ಗೆಸ್ಸಿಂಗ್ ಹಾಳೆ ತುರುಕಿದ್ರೆ ಅವತ್ತೇ ವಾಪಸ್ ಕಳ್ಸಿ, ರಿಟರ್ನ್ ಅಂತ ಚಲನ್ ಮೇಲೆ ಬರ್ಸಿ ಒಂದು ಫೋಟೋ ಇಟ್ಕೊಳ್ಳಿ. ಅಂಗಡಿ ಹುಡುಗನಿಗೂ ಹೇಳಿ, ಪಾಪ ನಿಮ್ಮ ಬದಲು ಅವನು ಸಿಕ್ಕಿಬೀಳ್ಬಾರದು. ಜೆರಾಕ್ಸ್ ಅಂಗಡಿಯವರೇ, ವಾಟ್ಸಾಪಲ್ಲಿ ಪಿಡಿಎಫ್ ಕಳ್ಸಿ "ಐವತ್ತು ಕಾಪಿ ತೆಗೀರಿ" ಅಂದ್ರೆ ತೆರೆದು ನೋಡದೇ ಪ್ರಿಂಟ್ ಕೊಡ್ಬೇಡಿ, ಕಲಂ 12ಎಯಲ್ಲಿ ಛಾಪಿಸೋದೂ ಇದೆ. ಮಹಾಲಕ್ಷ್ಮಿ ಕುದುರೆ ರೇಸಿನ ಪುಸ್ತಕ ಮಾರಬಹುದಾ ಅಂದ್ರೆ, ಲೈಸೆನ್ಸ್ ಇರೋ ರೇಸ್‌ಕೋರ್ಸ್ ಒಳಗೆ ನಿಯಮದ ಪ್ರಕಾರ ಕಟ್ಟೋ ಬಾಜಿಗೆ ಕಾಯ್ದೆಯಲ್ಲೇ ವಿನಾಯಿತಿ ಇರೋದ್ರಿಂದ ಬರೀ ಪುಸ್ತಕಕ್ಕೆ ಅಷ್ಟು ಭಯ ಬೇಡ, ಅದರ ಜೊತೆ ಹೊರಗಿನ ಬುಕ್ಕಿಯ ಬಾಜಿ ದರ, ಫೋನ್ ನಂಬರ್ ಸೇರಿಸಿ ಕೊಟ್ರೆ ಕಥೆ ಬೇರೆ.

ಪೊಲೀಸರು ಬಂದೇಬಿಟ್ರೆ ಓಡ್ಬೇಡಿ, ಹಾಳೆ ಹರೀಬೇಡಿ. ಜೂಜಿಗೆ ಸಂಬಂಧಿಸಿದ್ದು ಅಂತ ಅನುಮಾನ ಬಂದದ್ದನ್ನ ಅವರು ಜಪ್ತಿ ಮಾಡಬಹುದು, ಗಲ್ಲಾದ ದುಡ್ಡೂ ಅದರಲ್ಲಿ ಹೋಗೋ ಸಾಧ್ಯತೆ ಇದೆ, ಅದಕ್ಕೇ ದಿನದ ಮಾರಾಟದ ಲೆಕ್ಕ ಬರ್ದಿಡಿ, ಆಮೇಲೆ ದುಡ್ಡು ವಾಪಸ್ ಕೇಳೋಕೆ ಅದೇ ಆಧಾರ. ಪಂಚನಾಮಾ ಮರಾಠಿಯಲ್ಲಿರುತ್ತೆ, ಓದೋಕೆ ಬರದಿದ್ರೆ ಓದಿಸ್ಕೊಂಡು, ಎಷ್ಟು ಹಾಳೆ ಎಷ್ಟು ದುಡ್ಡು ಸರಿಯಾಗಿದೆಯಾ ನೋಡ್ಕೊಂಡೇ ಸಹಿ ಹಾಕಿ. ಪೊಲೀಸರ ತನಿಖೆ, ಅರೆಸ್ಟಿನ ಹೊಸ ಕಾನೂನು ಬಿಎನ್‌ಎಸ್‌ಎಸ್ ಕಲಂ 105ರ ಪ್ರಕಾರ ಜಪ್ತಿಯ ವಿಡಿಯೋ ಆಗ್ಬೇಕು, ಮಾಡ್ತಿದಾರಾ ಅಂತ ಮರ್ಯಾದೆಯಿಂದ ಕೇಳಿ. ಶಿಕ್ಷೆ ಏಳು ವರ್ಷಕ್ಕಿಂತ ಕಮ್ಮಿ ಇರೋದ್ರಿಂದ ಹಿಡಿಯೋದೇ ಅಗತ್ಯ ಇಲ್ಲ ಅನ್ಸಿದ್ರೆ ಅದೇ ಕಾನೂನಿನ ಕಲಂ 35(3)ರ ನೋಟಿಸ್ ಕೊಡ್ತಾರೆ, ಅದರಲ್ಲಿರೋ ತಾರೀಖಿಗೆ ತಪ್ಪದೇ ಹೋಗಿ. ಅರೆಸ್ಟ್ ಮಾಡಿದ್ರೆ ಯಾಕೆ ಅಂತ ಹೇಳ್ಬೇಕು, ಮನೆಯವರಿಗೆ ತಿಳಿಸ್ಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕು.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. "ತಪ್ಪಾಯ್ತು ಅಂತ ಒಪ್ಕೋ, ದಂಡ ಕಟ್ಟಿ ಮನೆಗೆ ಹೋಗು" ಅಂತ ಕೋರ್ಟ್ ಹೊರಗೆ ಯಾರೋ ಹೇಳಿದ್ರು ಅಂತ ಒಪ್ಕೋಬೇಡಿ, ಜೈಲಿನ ಕನಿಷ್ಠ ಶಿಕ್ಷೆ ಇರೋ ಕಲಂ ಇದು, ಎರಡನೇ ಸಲಕ್ಕೆ ಕನಿಷ್ಠ ಆರು ತಿಂಗಳು. ಮೊದ್ಲು ವಕೀಲರ ಹತ್ರ ಮಾತಾಡಿ, ಫೀಸ್ ಕೊಡೋ ಶಕ್ತಿ ಇಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್, ಪುಕ್ಕಟೆ ವಕೀಲರು ಸಿಗ್ತಾರಾ ಅಂತ ಅಲ್ಲೇ ಕೇಳಿ.