‘ಒಲ್ಲೆ’ ಅಂದಾಗ ಪುಸ್ತಕ ಏನು ಮಾಡುತ್ತದೆ?

ಬೀದರ್‌ನ ನಮ್ಮ ಮನೆ ಮಾಳಿಗೆ ಮೇಲೆ ಭಾನುವಾರ ಐದು ಜನ ಸೇರುತ್ತೇವೆ. ಒಂದು ಚಾಪೆ, ಸುಸಲಾ, ಮಿರ್ಚಿ ಭಜಿ, ಇಪ್ಪತ್ತು ಮುಖದ ಒಂದು ದಾಳ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೆಯೇ ಆಟ, ಅದಕ್ಕೂ ಮುಂಚೆ ಮಾಳಿಗೆ ಮೇಲೆ ಕಾಲಿಡೋಕೆ ಆಗುವುದಿಲ್ಲ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದರೆ ಇಷ್ಟೇ. ನಮಗಂತೂ ಟೇಬಲ್ಲೂ ಇಲ್ಲ.

ಕತೆ ನಡೆಸುವವನು ಹೆಚ್ಚಾಗಿ ನಾನೇ. ಆಟದ ನಿಯಮ, ಕತೆ ಇರುವ ಪುಸ್ತಕಕ್ಕೆ ರೊಕ್ಕ ಹಾಕಿದವನೂ ನಾನೇ ಅಲ್ವಾ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯಿಂದ ಶುರು ಮಾಡಿದೆ. ಕತೆ ನಡೆಸುವವನಿಗಾಗಿಯೇ ‘ಡಂಜನ್ ಮಾಸ್ಟರ್ಸ್ ಗೈಡ್’ ಅಂತ 320 ಪುಟದ ಪುಸ್ತಕವಿದೆ. ಮೊದಲ ಅಧ್ಯಾಯ ನಿಮ್ಮದೇ ಲೋಕ ಕಟ್ಟಿ ಅನ್ನುತ್ತದೆ. ಎರಡನೆಯದರಲ್ಲಿ ಬೇರೆ ಬೇರೆ ಲೋಕಗಳ ಜಾಲ. ಆಟ ನಡೆಸುವುದು ಹೇಗೆ ಅನ್ನುವುದು ಬರುವುದು ಎಂಟನೇ ಅಧ್ಯಾಯದಲ್ಲಿ! ರೊಟ್ಟಿ ಬಡಿಯೋದು ಕಲಿಸುತ್ತೇನೆ ಅಂತ ಕೂರಿಸಿ, ಮೊದಲು ಹೊಲ ಹರಗಿ ಬಾ ಅಂದ ಹಾಗೆ. ಓದೋಕೆ ಚಂದ, ಚಿತ್ರಗಳೂ ಚಂದ. ಭಾನುವಾರ ಸಂಜೆ ನಾಲ್ಕು ಜನ ಮುಖ ನೋಡುತ್ತಾ ಕೂತಾಗ ಮಾತ್ರ ಬೇಕಾದ ಪುಟ ಸಿಗುವುದಿಲ್ಲ.

ಇದಕ್ಕಿಂತ ಕಷ್ಟ ಕೊಟ್ಟಿದ್ದು ಅದೇ ವರ್ಷ ಬಂದ ‘ಹೋರ್ಡ್ ಆಫ್ ದ ಡ್ರ್ಯಾಗನ್ ಕ್ವೀನ್’ ಎಂಬ ಅಡ್ವೆಂಚರ್, ಅಂದರೆ ಆಡೋಕೆ ಸಿದ್ಧವಾದ ಕತೆಯ ಪುಸ್ತಕ. ಕತ್ತಲಾಗುವ ಹೊತ್ತಿಗೆ ಗ್ರೀನೆಸ್ಟ್ ಎಂಬ ಊರು ಉರಿಯುತ್ತಿದೆ, ಮೇಲೆ ಡ್ರ್ಯಾಗನ್ ಸುತ್ತುತ್ತಿದೆ. ಆಟಗಾರರೆಲ್ಲ ಇನ್ನೂ ಮೊದಲನೇ ಲೆವೆಲ್. ಅವರು ಊರೊಳಗೆ ಓಡುತ್ತಾರೆ ಅಂತ ಪುಸ್ತಕ ನಂಬಿದೆ. ನಮ್ಮವರು ಓಡಲಿಲ್ಲ.

“ಅಷ್ಟು ದೊಡ್ಡದು ಮ್ಯಾಲ ತಿರಗಲತ್ತದ, ನಾವು ನಾಕು ಮಂದಿ ಹೋಗಿ ಏನ್ ಮಾಡ್ಬೇಕು? ನಾ ಒಲ್ಲೆಪಾ.”

“ನಿಮ್ಮ ಅತ್ತಿ ಆ ಊರಾಗೇ ಅದಾಳಲ್ಲೋ,” ಅಂದೆ.

“ಯಾವ ಅತ್ತಿ? ನನ್ ಶೀಟಿನ್ಯಾಗ ಅತ್ತಿ ಇಲ್ಲ.”

ಶೀಟು ಅಂದರೆ ಪಾತ್ರದ ವಿವರ ಬರೆದಿಟ್ಟ ಹಾಳೆ. ಅವನ ಮಾತು ಸರಿಯಾಗಿಯೇ ಇತ್ತು. ನಾನು ಹೆಂಗೋ ಅತ್ತೆಯನ್ನು ಹುಟ್ಟಿಸಿ ಒಳಗೆ ನೂಕಿದೆ. ಮುಂದೆ ನಾಲ್ಕನೇ ಭಾಗದಲ್ಲಿ ವೈರಿಗಳ ಬಂಡಿಗಳ ಜತೆ, ಗುರುತು ಹತ್ತದ ಹಾಗೆ, ದೂರದ ಊರಿಗೆ ವಾರಗಟ್ಟಲೆ ಪಯಣ. ನಮ್ಮವರು ಎರಡನೇ ರಾತ್ರಿಯೇ ಬಂಡಿಗೆ ಬೆಂಕಿ ಹಚ್ಚೋಣ ಅಂದರು. ಆದರೆ ಬಂಡಿ ಊರು ಮುಟ್ಟದಿದ್ದರೆ ಮುಂದಿನ ಕತೆಯೇ ಇಲ್ಲ. ಸುಮ್ನೆ ಮಳೆ ತರಿಸಿದೆ, ಬೆಂಕಿ ಆರಿಸಿದೆ. ಆಮೇಲೆ ಎರಡು ವಾರ ಯಾರೂ ಫೋನ್ ಎತ್ತಲಿಲ್ಲ. ಆ ಪುಸ್ತಕ ಈಗ ಕೂಲರ್ ಸ್ಟ್ಯಾಂಡಿನ ಒಂದು ಕಾಲಿನ ಕೆಳಗಿದೆ.

ಅದೇ ಆಟದ, ಅದೇ ವರ್ಷದ ಸ್ಟಾರ್ಟರ್ ಸೆಟ್ ಪೆಟ್ಟಿಗೆಯಲ್ಲಿ 32 ಪುಟದ ನಿಯಮ, 64 ಪುಟದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಎಂಬ ಕತೆ ಇರುತ್ತವೆ. ಫ್ಯಾಂಡಲಿನ್ ಎಂಬ ಊರಿಗೆ ಒಂದು ಬಂಡಿ ಸಾಮಾನು ಮುಟ್ಟಿಸಬೇಕು. ದಾರಿಯಲ್ಲಿ ಸತ್ತ ಕುದುರೆಗಳು, ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ದಾಳಿ, ಕಾಡಿನೊಳಗೆ ಗವಿಯ ಕಡೆ ಹೋಗುವ ಜಾಡು. ಬಂಡಿಯ ಒಡೆಯನನ್ನು ಗಾಬ್ಲಿನ್‌ಗಳು ಹಿಡಿದುಕೊಂಡು ಹೋಗಿದ್ದಾರೆ. ಯಾರಾದರೂ ಜಾಡು ಹಿಡಿಯುತ್ತಾರೆ ಅಂದುಕೊಂಡಿದ್ದೆ.

“ಮೊದ್ಲ ಲೋಡ್ ಮುಟ್ಸಿ ರೊಕ್ಕ ತಗೊಳ್ಳೂಣು. ಗವಿ ಎಲ್ಲಿ ಓಡಿ ಹೋಗ್ತದ?”

ಎದೆ ಧಸಕ್ಕೆಂದಿತು. ಪುಟ ತಿರುಗಿಸಿದೆ. ಪುಸ್ತಕ ಅದಕ್ಕೂ ತಯಾರಿತ್ತು! ಊರಿನ ಅಂಗಡಿಯವನು ತಲೆಗೆ ಹತ್ತು ಬಂಗಾರದ ನಾಣ್ಯ ಎಣಿಸಿ ಕೊಡುತ್ತಾನೆ, ಒಡೆಯ ಇನ್ನೂ ಬಂದಿಲ್ಲ ಅಂತ ಚಿಂತೆ ಮಾಡುತ್ತಾನೆ. ಊರಲ್ಲಿ ಇನ್ನೂ ಹಲವರ ಬಳಿ ಒಂದೊಂದು ಕೆಲಸವಿದೆ. ಯಾವುದನ್ನು ಹಿಡಿದರೂ ಕತೆ ಮುಂದೆ ಹೋಗುತ್ತದೆ. ಒಂದನೇ ಲೆವೆಲ್‌ನಿಂದ ಐದರವರೆಗೆ ಏಳು ತಿಂಗಳು ಆಡಿದೆವು. ನಾನು ಮಳೆ ತರಿಸಬೇಕಾಗಿ ಬರಲಿಲ್ಲ.

ನಿಯಮದ ವಿಷಯಕ್ಕೆ ಬಂದರೆ ನನ್ನ ಮೆಚ್ಚಿನದು ‘ಕಾಲ್ ಆಫ್ ಕ್ಥುಲು’. 1981ರಲ್ಲಿ ಸ್ಯಾಂಡಿ ಪೀಟರ್‌ಸನ್ ಮಾಡಿದ ಭಯದ ಆಟ. ಪಾತ್ರದ ಎಲ್ಲ ಕಲೆಯೂ ಶೇಕಡಾದಲ್ಲಿ. ಇಲ್ಲಿ ಇಪ್ಪತ್ತು ಮುಖದ ದಾಳ ಅಲ್ಲ, ಒಂದರಿಂದ ನೂರರವರೆಗೆ ಬೀಳುವ ಜೋಡಿ ದಾಳ. ಹುಡುಕುವ ಕಲೆ 60 ಇದ್ದರೆ ಅದರಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಬೀಳಬೇಕು. ಇದನ್ನು ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ. ನಾವೆಲ್ಲ ಮಾರ್ಕ್ಸ್ ಕಾರ್ಡಿನೊಳಗೇ ಬೆಳೆದವರು ತಾನೆ. ನೋಡಬಾರದ್ದನ್ನು ನೋಡಿದರೆ ಬುದ್ಧಿಯ ಸ್ಥಿಮಿತದ ಅಂಕ ಇಳಿಯುತ್ತದೆ, ಅದು ಮತ್ತೆ ಸುಲಭಕ್ಕೆ ಏರುವುದಿಲ್ಲ.

ಅದರ ಪುಕ್ಕಟೆ ಕಿರುಪುಸ್ತಕದಲ್ಲಿ ‘ದ ಹಾಂಟಿಂಗ್’ ಎಂಬ ಕತೆಯಿದೆ. ಬಾಸ್ಟನ್‌ನ ದೆವ್ವದ ಮನೆ, 1920ರ ದಶಕ. ನಾನು ಮನೆಯನ್ನು ಎತ್ತಿ ಬೀದರ್ ಕೋಟೆ ಹತ್ತಿರ ನಿಜಾಮರ ಕಾಲದಲ್ಲಿ ಇಟ್ಟೆ. ಹೊರಗೆ ಮೂರು ಸುತ್ತಿನ ಕಂದಕ, ಒಳಗೆ ಕೆಂಪು ಜಂಬಿಟ್ಟಿಗೆಯ ಗೋಡೆ. ಮನೆ ಬಾಗಿಲ ಮುಂದೆ ನಿಲ್ಲಿಸಿದೆ. ಇಲ್ಲಿಯೂ ‘ಒಲ್ಲೆ’ ಬಂತು.

“ಮನಿ ಯಾರ ಹೆಸರಿಗದ? ಮೊದ್ಲ ಕಾಗದ ತೆಗಸ್ರಿ.”

ಮೂಲ ಕತೆಯೂ ಅದನ್ನೇ ಬಯಸುತ್ತದೆ! ಮನೆಗೆ ಹೋಗುವ ಮುಂಚೆ ಹಳೇ ಪತ್ರಿಕೆ, ದಾಖಲೆ ಕಚೇರಿ, ಅಕ್ಕಪಕ್ಕದವರ ಬಾಯಿ. ನಿಜಾಮರ ಕಾಲದ ಕಾಗದ ಅಂದರೆ ಉರ್ದು. ನಮ್ಮಲ್ಲಿ ಒಬ್ಬ ಅಜ್ಜನ ಹತ್ತಿರ ಉರ್ದು ಓದೋಕೆ ಕಲಿತವನು. ಅವನ ಪಾತ್ರಕ್ಕೆ ಉರ್ದು ಶೇಕಡಾ 70 ಕೊಟ್ಟೆ. ದಾಳ ಹಾಕಿದ, 83 ಬಿತ್ತು. “ಅಜ್ಜ ನೋಡಿದ್ರ ಹೊಡಿತಿದ್ದ,” ಅಂದ. ಎರಡು ವಾರ ಕಚೇರಿಯಲ್ಲೇ ಕಳೆದೆವು. ದೆವ್ವಕ್ಕಿಂತ ಗುಮಾಸ್ತನೇ ಜಾಸ್ತಿ ಹೆದರಿಸಿದ.

ಇನ್ನೊಂದಿದೆ, ಅದನ್ನು ಬಿಟ್ಟರೆ ಗೆಳೆಯ ಜಗಳ ತೆಗೆಯುತ್ತಾನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿಸಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ 1975ರ ಸ್ಪರ್ಧೆಯೊಂದಕ್ಕೆ ಬರೆದು, 1978ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’. ಆಟಗಾರರನ್ನು ಕೊಲ್ಲುವ ಗೋರಿ ಅಂತಲೇ ಹೆಸರು. ಅಲ್ಲಿ ಬಾಯಿ ತೆರೆದ ಹಸಿರು ರಾಕ್ಷಸನ ಮುಖ. ಬಾಯೊಳಗೆ ಬರೀ ಕತ್ತಲು. ಒಳಗೆ ಹೊಕ್ಕವನು ಮುಗಿದ, ದಾಳ ಹಾಕುವ ಅವಕಾಶವೂ ಇಲ್ಲ. ನನಗೆ ಇದು ಸೇರುವುದಿಲ್ಲ. ಗೆಳೆಯನಿಗೆ ಪ್ರಾಣ. ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿ ನೋಡುತ್ತಾ ಬೆಳೆದವನು.

“ಹಾಳ್ ಬಾವಿಗಿ ಇಳಿಯೂಕಿಂತ ಮೊದ್ಲ ಕಂದೀಲ್ ಇಳಸ್ತಾರ. ಅದು ಆರ್ದ್ರ ಯಾರೂ ಇಳಿಯಂಗಿಲ್ಲ. ಇಲ್ಲೂ ಹಂಗೇ, ತಮ್ಮಾ.”

ನಿಜ ಹೇಳಬೇಕೆಂದರೆ ಅವನು ಕೋಲಿನ ತುದಿಗೆ ಕಂದೀಲು ಕಟ್ಟಿ ಆ ಬಾಯಿಗೆ ಚಾಚಿದ. ಅರ್ಧ ಕೋಲು ಮಾಯವಾಯಿತು, ನಾಲ್ಕು ಜನ ಉಳಿದರು. ಆ ಗೋರಿಯಲ್ಲೂ ‘ಒಲ್ಲೆ’ ಅನ್ನೋಕೆ ಜಾಗ ಇದೆ ಅಂತ ಆಗ ಒಪ್ಪಿದೆ, ಪೂರ್ತಿ ಅಲ್ಲ.

ಬರುವ ಭಾನುವಾರ ಅದರ ಉಳಿದ ಭಾಗವನ್ನು ಅವನೇ ನಡೆಸುತ್ತಾನೆ. ನಾನು ಈಗಲೇ ಮೂರು ಕ್ಯಾರೆಕ್ಟರ್ ಶೀಟ್ ಬರೆದಿಟ್ಟುಕೊಂಡಿದ್ದೇನೆ. ಮೂವರಿಗೂ ಅತ್ತೆ ಇಲ್ಲ.