ಮೂರು ಕಾರ್ಬೊರೇಟರ್‌ಗಳನ್ನು ಹೊಂದಿಸಿದ ಬಗೆ: ನನ್ನ ಅನುಭವ

ನಮ್ಮ ಫೈಬರ್ ದೋಣಿಯ ಹಿಂದೆ 40 ಅಶ್ವಶಕ್ತಿಯ, ಮೂರು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಕಾರ್ಬೊರೇಟರ್ ಸಿಲಿಂಡರಿಗೊಂದರಂತೆ ಮೂರು. 10 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ ಕಟ್ಟಿದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ, ಆ ಎರಡು ತಿಂಗಳು ಅದು ಮಾಡಿನಡಿ ಸುಮ್ಮನೆ ಇರುತ್ತದೆ. ಒಂದು ವರ್ಷ ಆಗಸ್ಟಿನಲ್ಲಿ ನೀರಿಗಿಳಿಸಿದಾಗ ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ನಿಧಾನ ಓಡುವಾಗ, ಇಡೀ ದೋಣಿಯನ್ನೇ ನಡುಗಿಸತೊಡಗಿತು. ಥ್ರಾಟಲ್ ಒಮ್ಮೆಗೇ ಕೊಟ್ಟರೆ ಕ್ಷಣಕಾಲ ಕುಸಿದು, ಆಮೇಲೆ ಏರುತ್ತಿತ್ತು. ಶರಾವತಿಯ ಅಳಿವೆಯಲ್ಲಿ, ಮರಳದಿಬ್ಬದ ಮೇಲೆ ತೆರೆ ಮುರಿಯುವ ಹೊತ್ತಿಗೆ ಎಂಜಿನ್ ಹಾಗೆ ಕುಸಿದರೆ ದೋಣಿ ಅಡ್ಡ ತಿರುಗುತ್ತದೆ. ಆದ್ದರಿಂದ ಇದನ್ನು ಸಣ್ಣ ತೊಂದರೆಯೆಂದು ಬಿಡುವಂತಿರಲಿಲ್ಲ.

ನಾನು ಕೈ ಹಾಕುವ ಮೊದಲು ಒಬ್ಬ ಮೆಕ್ಯಾನಿಕ್ ಐಡಲ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ವೇಗ ಹೆಚ್ಚಿಸಿ ಕೊಟ್ಟಿದ್ದರು. ನಡುಕ ಕಡಿಮೆಯಾದಂತೆ ಕಂಡಿತು, ಆದರೆ ದೋಷ ಮರೆಯಾಯಿತೇ ಹೊರತು ಹೋಗಲಿಲ್ಲ. ಥ್ರಾಟಲ್ ಕೊಟ್ಟಾಗ ಕಾರ್ಬೊರೇಟರಿನೊಳಗೆ ತೆರೆಯುವ ಬಿಲ್ಲೆ, ಅಂದರೆ ಬಟರ್‌ಫ್ಲೈ, ಪೂರ್ತಿ ಮುಚ್ಚದೆ ನಿಂತರೆ ಅದರ ಅಂಚಿನಲ್ಲಿರುವ ಸಣ್ಣ ರಂಧ್ರಗಳು ತೆರೆದುಕೊಂಡು ಅಲ್ಲಿಂದಲೂ ಪೆಟ್ರೋಲ್ ಬರುತ್ತದೆ. ಆಗ ಐಡ್ಲಿಂಗ್‌ನ ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಶ್ರಣದ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ನಾನೇ ಮಾಡಲು ಕುಳಿತೆ.

ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಏರುವ ಒತ್ತಡ, ನೋಡಿದೆ. ಮೂರು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ಕ್ಕಿಂತ ಕಡಿಮೆಯಿತ್ತು. ಅದಕ್ಕಿಂತ ಹೆಚ್ಚಿದ್ದರೆ ಕಾರ್ಬೊರೇಟರ್ ಮುಟ್ಟುವುದೇ ವ್ಯರ್ಥ. ಆಮೇಲೆ ಮೂರೂ ಕಾರ್ಬೊರೇಟರ್‌ಗಳನ್ನು ಬಿಚ್ಚಿದೆ. ಪೆಟ್ರೋಲ್ ನಿಲ್ಲುವ ಕೆಳಗಿನ ಬೌಲಿನಲ್ಲಿ ಕಂದು ಬಣ್ಣದ ಅಂಟು ಕಟ್ಟಿತ್ತು, ಒಂದಿಷ್ಟು ನೀರೂ ನಿಂತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದನ್ನು ಬೇರೆ ಹೇಳಬೇಕಿಲ್ಲ. ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಹಿತ್ತಾಳೆ ತುಂಡುಗಳಾದ ಜೆಟ್‌ಗಳನ್ನು ವಿದ್ಯುತ್ ತಂತಿಯಿಂದ ತೆಗೆದ ಒಂದೇ ಒಂದು ತಾಮ್ರದ ಎಳೆಯಿಂದ ಶುಚಿಗೊಳಿಸಿದೆ. ಉಕ್ಕಿನ ತಂತಿಯನ್ನು ಯಾರೂ ತೂರಿಸಬಾರದು, ಹಿತ್ತಾಳೆಯ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಮಿಶ್ರಣ ಕೆಡುತ್ತದೆ.

ನನಗೆ ಹೆಚ್ಚು ಸಮಯ ಹಿಡಿದದ್ದು, ಮುಖ್ಯವೆನಿಸಿದ್ದೂ ಇದರ ನಂತರದ ಕೆಲಸ. ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ ವ್ಯಾಕ್ಯೂಮ್ ಗೇಜ್ ಇಟ್ಟು ಹೊಂದಿಸುತ್ತಾರೆ. ಇಂಥ ಟೂ-ಸ್ಟ್ರೋಕ್‌ನಲ್ಲಿ ಮೂರು ಬಟರ್‌ಫ್ಲೈಗಳೂ ಪೂರ್ತಿ ಮುಚ್ಚಿ, ಒಂದೇ ಕ್ಷಣದಲ್ಲಿ ತೆರೆಯುವಂತೆ ಕೈಯಿಂದಲೇ ಮಾಡಬೇಕು. ಐಡಲ್ ಸ್ಕ್ರೂವನ್ನು ಪೂರ್ತಿ ಹಿಂದೆ ತೆಗೆದು, ಥ್ರಾಟಲಿನ ರೋಲರ್ ಅದನ್ನು ತಳ್ಳುವ ಕ್ಯಾಮಿಗೆ ತಾಗದಂತೆ ನೋಡಿಕೊಂಡು, ಮೂರೂ ಬಟರ್‌ಫ್ಲೈಗಳನ್ನು ಜೋಡಿಸುವ ಲಿಂಕ್ ಸರಳಿನ ಸ್ಕ್ರೂಗಳನ್ನು ಸಡಿಲಿಸಿದೆ. ಕೆಲವು ಎಂಜಿನ್‌ಗಳಲ್ಲಿ ಈ ಸ್ಕ್ರೂಗಳ ತಿರುಪು ಉಲ್ಟಾ, ಎಡಗಡೆಗಿರುತ್ತದೆ, ಬಲ ಹಾಕಿ ತಲೆ ಮುರಿಯುವ ಮೊದಲು ನೋಡಿಕೊಳ್ಳಬೇಕು. ಸಡಿಲವಾದ ಕೂಡಲೇ ಕೆಳಗಿನ ಕಾರ್ಬೊರೇಟರಿನ ಬಟರ್‌ಫ್ಲೈ ಟಕ್ಕೆಂದು ಮುಚ್ಚಿಕೊಂಡಿತು. ಇಷ್ಟು ದಿನ ಅದೊಂದೇ ಅರೆ ತೆರೆದು ನಿಂತಿತ್ತು! ಮೂರನ್ನೂ ಬೆರಳಿನಿಂದ ಮೆಲ್ಲಗೆ ಮುಚ್ಚಿ ಹಿಡಿದು ಸ್ಕ್ರೂ ಬಿಗಿದೆ. ಪರೀಕ್ಷೆಗೆ ಗಾಳದ ತೆಳು ನೈಲಾನ್ ದಾರವನ್ನು ಒಂದೊಂದರ ಅಂಚಿಗೂ ತೂರಿಸಿ, ಪ್ರತಿ ಸಲವೂ ಥ್ರಾಟಲ್ ಒಂದೇ ಅಳತೆಗೆ ಕೊಟ್ಟು ದಾರ ಎಳೆದು ನೋಡಿದೆ. ಮೂರರಲ್ಲೂ ಹಿಡಿತ ಒಂದೇ ಬಗೆಯದಾಗಲು ನಾಲ್ಕು ಬಾರಿ ಬಿಚ್ಚಿ ಬಿಗಿಯಬೇಕಾಯಿತು.

ಮಿಶ್ರಣದ ಸ್ಕ್ರೂಗಳನ್ನು ಹಗುರವಾಗಿ ತಾಗುವಷ್ಟು ಮಾತ್ರ ಒಳಗೆ ಹಾಕಿ, ಒಂದೂವರೆ ಸುತ್ತು ಹೊರಗೆ ತಂದೆ. ಬಿಗಿದರೆ ಸ್ಕ್ರೂವಿನ ಸೂಜಿಯಂಥ ತುದಿಯಲ್ಲಿ ಬಳೆಯಂತೆ ಗೆರೆ ಬಿದ್ದು ಅದು ನಿಷ್ಪ್ರಯೋಜಕವಾಗುತ್ತದೆ. ಅಂತಿಮ ಹೊಂದಾಣಿಕೆಯನ್ನು ಡ್ರಮ್ಮಿನ ನೀರಿನಲ್ಲಿ ಮಾಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಪ್ರೊಪೆಲ್ಲರಿಗೆ ನಿಜವಾದ ಹೊರೆ ಬೀಳುವುದಿಲ್ಲ, ಹೊರಬಂದ ಹೊಗೆಯನ್ನೇ ಎಂಜಿನ್ ಮತ್ತೆ ಎಳೆದುಕೊಳ್ಳುತ್ತದೆ. ನದಿಯಲ್ಲಿ ದೋಣಿಯನ್ನು ಎರಡು ಹಗ್ಗಗಳಿಂದ ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ ಗೇರಿಗೆ ಹಾಕಿ, ಒಂದೊಂದೇ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಂತೆ ಒಳಗೆ ತಂದೆ. ನನ್ನ ಎಂಜಿನ್ನಿನಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಗಾಳಿಯನ್ನು ನಿಯಂತ್ರಿಸುವ ಸ್ಕ್ರೂ ಇರುವಲ್ಲಿ ಇದು ತಿರುಗುಮುರುಗು. ಕಾರ್ಬೊರೇಟರಿನ ಬಾಯಿ ಸೀನಿದಂತೆ ಸದ್ದು ಮಾಡಿದಾಗ ಕಾಲು ಸುತ್ತು ಹೊರಗೆ ತಂದು ನಿಲ್ಲಿಸಿದೆ. ಅದಕ್ಕಿಂತ ಬಡಕಲು, ಅಂದರೆ ಪೆಟ್ರೋಲ್ ಕಡಿಮೆಯಿರುವ, ಮಿಶ್ರಣಕ್ಕೆ ಆಸೆಪಡಬಾರದು, ಏಕೆಂದರೆ ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಒಂದು ಸಿಲಿಂಡರಿಗೆ ಪೆಟ್ರೋಲ್ ಕಡಿಮೆಯಾದರೆ ಅದರ ಪಿಸ್ಟನ್ನಿಗೆ ಆಯಿಲ್ ಕೂಡ ಕಡಿಮೆಯಾಗಿ ಅದು ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನೊಳಗೇ ಕಚ್ಚಿಕೊಳ್ಳುತ್ತದೆ. ಕೊನೆಗೆ ಐಡಲ್ ಸ್ಕ್ರೂವನ್ನು ಗೇರಿನಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತಿಗೆ ನಿಲ್ಲಿಸಿದೆ.

ಮರುದಿನ ಇಳಿತವಿರುವಾಗ ಅಳಿವೆಯ ಒಳಗಡೆ ನಾಲ್ಕೈದು ಬಾರಿ ಒಮ್ಮೆಗೇ ಥ್ರಾಟಲ್ ಕೊಟ್ಟು ನೋಡಿದೆ, ಒಮ್ಮೆಯೂ ಕುಸಿಯಲಿಲ್ಲ. ದಡಕ್ಕೆ ಬಂದು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದಾಗ ಮೂರೂ ಒಂದೇ ತೆರನಾದ ಕಾಫಿಪುಡಿಯ ಬಣ್ಣಕ್ಕೆ ಬಂದಿದ್ದವು, ಮಿಶ್ರಣ ಸರಿಯಿದೆ ಎಂಬುದರ ಗುರುತು ಅದು.