ಗಾಡಿ ಇನ್ಶೂರೆನ್ಸ್: ಕೋಟ್ ಓದುವ ಬಗೆ, ಕ್ಲೇಮ್ ಉಳಿಸಿಕೊಳ್ಳುವ ಬಗೆ

ನವೀಕರಣದ ಮೆಸೇಜ್ ಬಂದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಕೊನೆಯ ಸಾಲಿನ ಮೊತ್ತಕ್ಕೆ. ಆದರೆ ಆ ಮೊತ್ತವೊಂದರಿಂದ ಏನೂ ತಿಳಿಯುವುದಿಲ್ಲ. ಒಂದು ಕಂಪನಿ ಗಾಡಿಯ ಬೆಲೆಯನ್ನೇ ಇಳಿಸಿ ತೋರಿಸಿರುತ್ತದೆ, ಇನ್ನೊಂದು ಕಳೆದ ವರ್ಷವಿದ್ದ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಕಿತ್ತಿರುತ್ತದೆ, ಮತ್ತೊಂದರಲ್ಲಿ ಕ್ಲೇಮ್ ಮಾಡದವರಿಗೆ ಸಿಗುವ ಬೋನಸ್ ನಿಮಗಿಲ್ಲದಿದ್ದರೂ ಏಜೆಂಟ್ ಇದೆಯೆಂದು ಬರೆದಿರುತ್ತಾನೆ. ಹಾಗಾಗಿ ಕೋಟ್, ಅಂದರೆ ಕಂಪನಿ ಹೇಳುವ ದರದ ವಿವರ, ಕೈಗೆ ಬಂದರೆ ಮೊದಲು ಅದನ್ನು ಎರಡು ಭಾಗ ಮಾಡಿ: ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಮತ್ತು ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆಗುವ ಹಾನಿಗೆ).

ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ ವರ್ಷಕ್ಕೆ 1000 ಸಿಸಿವರೆಗಿನ ಕಾರಿಗೆ 2,094 ರೂ., 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ದೊಡ್ಡದಕ್ಕೆ 7,897. ಬೈಕ್, ಸ್ಕೂಟರ್‌ಗಳಲ್ಲಿ 75 ಸಿಸಿವರೆಗೆ 538, 150ರವರೆಗೆ 714, 350ರವರೆಗೆ 1,366, ಅದರಾಚೆ 2,804. ಬ್ಯಾಟರಿ ಗಾಡಿಗಳಿಗೆ ಶೇ. 15 ರಿಯಾಯಿತಿ ಇದೆ. ಯಾವ ಕಂಪನಿಗೆ ಹೋದರೂ ಇದೇ ದರ. "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆ" ಎನ್ನುವವನನ್ನು ನಂಬಬೇಡಿ.

ಚೌಕಾಸಿಗೆ ಜಾಗವಿರುವುದು ಓನ್ ಡ್ಯಾಮೇಜ್‌ನಲ್ಲಿ ಮಾತ್ರ. ಇದನ್ನು ಆಯಾ ಕಂಪನಿಯೇ ನಿರ್ಧರಿಸುತ್ತದೆ. ಗಾಡಿಯ ವಯಸ್ಸು, ಸಿಸಿ, ಐಡಿವಿ (ಪಾಲಿಸಿಯಲ್ಲಿ ನಮೂದಿಸಿದ ಗಾಡಿಯ ಬೆಲೆ), ನೋಂದಣಿಯಾದ ಊರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನ ನೋಂದಣಿ ಎ ವಲಯಕ್ಕೆ ಸೇರುತ್ತದೆ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯದು ಬಿ ವಲಯಕ್ಕೆ. ಎರಡೂ ಭಾಗ ಕೂಡಿದ ಮೇಲೆ ಶೇ. 18 ಜಿಎಸ್‌ಟಿ.

ಹೊಸ ಗಾಡಿಯ ಎರಡನೇ ವರ್ಷದಲ್ಲಿ ದುಡ್ಡು ಸುಮ್ಮನೆ ಸೋರಿಹೋಗುವುದುಂಟು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿಯನ್ನು ಶೋರೂಮಿನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಅಂದರೆ ಎರಡನೇ ವರ್ಷ ಬೇಕಿರುವುದು ಬರೀ ಓನ್ ಡ್ಯಾಮೇಜ್ ಪಾಲಿಸಿ. ಅಲ್ಲಿ 'ಫುಲ್ ಇನ್ಶೂರೆನ್ಸ್' ಎಂದು ಮತ್ತೆ ಮಾಡಿಸಿದರೆ ಥರ್ಡ್ ಪಾರ್ಟಿಗೆ ಎರಡು ಸಲ ಕಟ್ಟಿದಂತೆ. ಪಾಲಿಸಿಯಲ್ಲಿ ಎರಡಕ್ಕೂ ಬೇರೆ ಬೇರೆ ಮುಕ್ತಾಯದ ದಿನಾಂಕ ಇರುತ್ತದೆ, ಎರಡನ್ನೂ ಮೊಬೈಲ್ ಕ್ಯಾಲೆಂಡರ್‌ಗೆ ಹಾಕಿಡಿ. ಶೋರೂಮಿನವರು ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ. ಹೊರಗಿನ ಕೋಟ್ ತೋರಿಸಿದರೆ ಅಲ್ಲೇ ಬೆಲೆ ಇಳಿಯುವುದೂ ಉಂಟು. ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ ಕಡ್ಡಾಯವೇನೋ ಹೌದು. ಆದರೆ ಅದು ವ್ಯಕ್ತಿಗೆ ಸಂಬಂಧಿಸಿದ್ದು. ಮನೆಯ ಕಾರು, ಸ್ಕೂಟರ್ ಎರಡೂ ನಿಮ್ಮ ಹೆಸರಲ್ಲಿದ್ದರೆ ಒಂದು ಸಲ ಕಟ್ಟಿದರೆ ಸಾಕು.

ಇನ್ನು ಐಡಿವಿ. ಗಾಡಿ ಕಳವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದು. ಗಾಡಿ ತಯಾರಕರ ಈಗಿನ ಬೆಲೆಪಟ್ಟಿಯಿಂದ 1–2 ವರ್ಷದ ಗಾಡಿಗೆ ಶೇ. 20, 2–3ಕ್ಕೆ 30, 3–4ಕ್ಕೆ 40, 4–5ಕ್ಕೆ 50 ಕಳೆದು ಲೆಕ್ಕ ಹಾಕುತ್ತಾರೆ. 5 ವರ್ಷ ದಾಟಿದ ಮೇಲೆ ಇಬ್ಬರೂ ಒಪ್ಪಿದ ಬೆಲೆ. ಐಡಿವಿ 5 ಲಕ್ಷದಿಂದ 4 ಲಕ್ಷಕ್ಕೆ ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ನಿಜ. ಇನ್ನೊಂದು ಪರಿಣಾಮವನ್ನು ಮಾತ್ರ ಯಾರೂ ಹೇಳುವುದಿಲ್ಲ: ರಿಪೇರಿ ಖರ್ಚು ಐಡಿವಿಯ ಶೇ. 75 ಮೀರಿದರೆ ಗಾಡಿಯನ್ನು 'ಟೋಟಲ್ ಲಾಸ್' ಎಂದು ಪರಿಗಣಿಸುತ್ತಾರೆ. 5 ಲಕ್ಷದ ಐಡಿವಿಯಲ್ಲಿ ಆ ಗೆರೆ 3.75 ಲಕ್ಷ, 4 ಲಕ್ಷದಲ್ಲಿ 3 ಲಕ್ಷ. ಒಳ್ಳೆಯ ಸ್ಥಿತಿಯಲ್ಲಿದ್ದ ಕಾರು ಕಡಿಮೆ ದುಡ್ಡಿಗೆ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಎಲ್ಲ ಕಂಪನಿಗಳಿಗೂ ಒಂದೇ ಐಡಿವಿ ಕೊಟ್ಟು ಕೋಟ್ ತೆಗೆಸಿ, ಆಮೇಲೆ ಹೋಲಿಸಿ.

ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಸಿಗುವ ಬೋನಸ್, ಶೇ. 20, 25, 35, 45, 50 ಹೀಗೆ ಏರುತ್ತದೆ. ಓನ್ ಡ್ಯಾಮೇಜ್‌ಗೆ ಮಾತ್ರ ಅನ್ವಯ. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಆ ಇಳಿತದ ಬೆಲೆ ಎಷ್ಟು ನೋಡಿ. ಈಗ ನಿಮಗೆ ಶೇ. 35 ಇದೆ ಎನ್ನೋಣ. ಕ್ಲೇಮ್ ಮಾಡದಿದ್ದರೆ ಮುಂದೆ 45, ಆಮೇಲೆ 50ರಲ್ಲೇ ನಿಲ್ಲುತ್ತದೆ. ಮಾಡಿದರೆ 0, 20, 25, 35, 45. ಐದು ವರ್ಷದ ವ್ಯತ್ಯಾಸ 45, 30, 25, 15, 5, ಒಟ್ಟು ಶೇ. 120. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ 8,000 ರೂ. ಇದ್ದರೆ ನಷ್ಟ 9,600. ಐಡಿವಿ ವರ್ಷವರ್ಷ ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯಾದೀತು. ಒಟ್ಟಿನಲ್ಲಿ, ಕೈಗೆ ಬರುವ ಕ್ಲೇಮ್ ಹಣ ಒಂದು ವರ್ಷದ ಓನ್ ಡ್ಯಾಮೇಜ್‌ಗಿಂತ ಕಡಿಮೆಯಿದ್ದರೆ ಕೈಯಿಂದ ಹಾಕಿ ರಿಪೇರಿ ಮಾಡಿಸುವುದೇ ಲೇಸು.

ಬೋನಸ್ ವ್ಯಕ್ತಿಯದು, ಗಾಡಿಯದಲ್ಲ. ಹಳೆ ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದರೆ 3 ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಹೋಯಿತು. ಕ್ಲೇಮ್ ಮಾಡಿದ್ದರೂ ಇಲ್ಲವೆಂದು ಬರೆಸಿ ಹೊಸ ಕಂಪನಿಗೆ ಹೋಗುವುದು ಅಪಾಯ. ಹಳೆ ಕಂಪನಿಯಲ್ಲಿ ವಿಚಾರಿಸಿ ಅಪಘಾತದ ಹೊತ್ತಿಗೆ ಕ್ಲೇಮ್ ತಳ್ಳಿಹಾಕುತ್ತಾರೆ.

ಕ್ಲೇಮ್‌ನಲ್ಲಿ ಏಕೆ ಕತ್ತರಿ ಬೀಳುತ್ತದೆ? ಸವಕಳಿಯಿಂದ, ಅಂದರೆ ಭಾಗ ಹಳೆಯದಾಗಿದೆಯೆಂದು ಅದರ ಬೆಲೆಯಲ್ಲಿ ಒಂದಷ್ಟು ಕಳೆಯುವುದರಿಂದ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ ಇವಕ್ಕೆ ಶೇ. 50, ಫೈಬರ್‌ಗೆ 30, ಗಾಜಿಗೆ ಏನೂ ಇಲ್ಲ. ತಗಡಿನ ಭಾಗಗಳಿಗೆ ವಯಸ್ಸಿನ ಮೇಲೆ. 3–4 ವರ್ಷದ ಗಾಡಿಗೆ ಶೇ. 25. ಮೂರೂವರೆ ವರ್ಷದ ಸಣ್ಣ ಕಾರಿನ ಬಿಲ್ ಹೀಗಿದೆ ಎನ್ನಿ: ಬಂಪರ್ 8,000, ಬಾನೆಟ್ 12,000, ಪೇಂಟಿಂಗ್ 10,000, ಮಜೂರಿ 4,000. ಜಿಎಸ್‌ಟಿ ಬಿಟ್ಟು 34,000. ಬಂಪರಿಗೆ 4,000 ಸಿಗುತ್ತದೆ, ಬಾನೆಟ್‌ಗೆ 9,000. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಬೆಲೆಯೆಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ, 8,750. ಮಜೂರಿ ಪೂರ್ತಿ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 (ದೊಡ್ಡ ಕಾರಿಗೆ 2,000, ಬೈಕಿಗೆ 100). ಕೈಗೆ 24,750, ನಿಮ್ಮ ಜೇಬಿನಿಂದ 9,250. 'ಬಂಪರ್ ಟು ಬಂಪರ್' ಎನ್ನುವ ಝೀರೋ ಡೆಪ್ ಆಡ್-ಆನ್ ತಪ್ಪಿಸುವುದು ಈ ಸವಕಳಿಯನ್ನು. ಕಡ್ಡಾಯ ಕಡಿತ ಆಗಲೂ ಉಳಿಯುತ್ತದೆ. ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಅದು ಅನ್ವಯವೆಂದು ಪಾಲಿಸಿಯಲ್ಲಿ ಓದಿಕೊಳ್ಳಿ. ಪ್ಲಾಸ್ಟಿಕ್ ಹೆಚ್ಚಿರುವ ಇಂದಿನ ಕಾರುಗಳಿಗೆ ಮೊದಲ ಐದು ವರ್ಷ ಇದು ಬೇಕೇ ಬೇಕು. ಹಳೆಯ ಬೈಕಿಗೆ ಅಷ್ಟೇನೂ ಲಾಭವಿಲ್ಲ.

ಕ್ಲೇಮ್ ಪೂರ್ತಿ ನಿರಾಕರಣೆಯಾಗುವುದು ಬೇರೆ ಕಾರಣಗಳಿಗೆ. ಓಡಿಸಿದವರ ಡಿಎಲ್ ಅವಧಿ ಮುಗಿದಿತ್ತು, ಕುಡಿದಿದ್ದರು, ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಓಡುತ್ತಿತ್ತು, ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು 14 ದಿನದೊಳಗೆ ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ತಾನಾಗಿ ವರ್ಗವಾಗುತ್ತದೆ, ಓನ್ ಡ್ಯಾಮೇಜ್ ಆಗುವುದಿಲ್ಲ. ಎಮಿಷನ್ ಸರ್ಟಿಫಿಕೇಟ್ ಇಲ್ಲವೆಂಬ ಕಾರಣವೊಂದಕ್ಕೇ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಸ್ಪಷ್ಟಪಡಿಸಿದೆ.

ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಗಾಡಿ ಮುಳುಗಿದರೆ ಸ್ಟಾರ್ಟ್ ಮಾಡಲೇಬೇಡಿ. ನೀರೆಳೆದುಕೊಂಡು ಎಂಜಿನ್ ಕೂತರೆ ಅದನ್ನು ನೆರೆಯ ಹಾನಿ ಎನ್ನದೆ ಆಮೇಲೆ ನೀವು ಮಾಡಿದ ಹಾನಿ ಎನ್ನುತ್ತಾರೆ. ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಇಲ್ಲದ ಪಾಲಿಸಿಯಲ್ಲಿ ಅದಕ್ಕೆ ಹಣ ಸಿಗುವುದಿಲ್ಲ. ಬ್ಯಾಟರಿ ವೈರ್ ಬಿಚ್ಚಿಸಿ, ನೀರಿನ ಮಟ್ಟ ಕಾಣುವಂತೆ ಫೋಟೋ ತೆಗೆದು, ಟೋ ಮಾಡಿಸಿ.

ಅಪಘಾತವಾದರೆ ಗ್ಯಾರೇಜಿನಲ್ಲಿ ಗಾಡಿ ಬಿಚ್ಚುವ ಮುನ್ನವೇ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಪಡೆಯಿರಿ. ಹಣ ಕಡಿತವಾದರೆ ಸರ್ವೇ ವರದಿಯ ಪ್ರತಿ ಕೇಳಿ, ಯಾವ ಭಾಗಕ್ಕೆ ಯಾವ ಷರತ್ತಿನಡಿ ಕಡಿತ ಎಂದು ಲಿಖಿತವಾಗಿ ಕೇಳಿ. ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ. ಸರಿಹೋಗದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ ಅಥವಾ 155255ಕ್ಕೆ ದೂರು ಕೊಡಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮಾ ದೂರುಗಳನ್ನು ಬಗೆಹರಿಸುವ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷದವರೆಗೆ ಪರಿಹಾರದ ಆದೇಶ ಮಾಡುವ ಅಧಿಕಾರ ಅವರಿಗಿದೆ. ಆದರೆ ಅದೇ ವಿಷಯ ಆಗಲೇ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಒಂಬುಡ್ಸ್‌ಮನ್ ಅದನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೋರ್ಟಿಗೆ ಮುಂಚೆ ಒಂಬುಡ್ಸ್‌ಮನ್ ಬಳಿಗೇ ಹೋಗಿ.